ಗಿರಿನಗರದ ನಮ್ಮ ಮನೆಯ ಫ್ಲಶ್ ಟ್ಯಾಂಕಿಗೆ ಒಬ್ಬ ಮಡಿ ಹೆಂಗಸಿನ ಅಹವಾಲು

ಮಾನ್ಯರೇ,

ಹಾಲ್ ಪಕ್ಕದ ಬಾತ್‌ರೂಮಿನಲ್ಲಿ, ಗೋಡೆಗೆ ಬೆನ್ನು ಆನಿಸಿ, ಕಮೋಡಿನ ನೆತ್ತಿಯ ಮೇಲೆ ಸದಾ ಆಸೀನರಾಗಿರುವ ತಮ್ಮ ಸನ್ನಿಧಿಗೆ, ಇದೇ ಮನೆಯ ದೇವರಮನೆ ಪಕ್ಕದ ಚಿಕ್ಕ ಕೋಣೆಯಲ್ಲಿ ವಾಸವಾಗಿರುವ ಸರ್ವಮಂಗಳಾ ಮಾಡುವ ಅನೇಕ ನಮಸ್ಕಾರಗಳು. ನಮಸ್ಕಾರವನ್ನು ದೂರದಿಂದಲೇ ಮಾಡಿದ್ದೇನೆ, ತಾವು ಬೇಸರಪಡಬಾರದು. ತಮ್ಮನ್ನು ಮುಟ್ಟಿದರೆ ನಾನು ಮತ್ತೆ ತಲೆಗೆ ಸ್ನಾನ ಮಾಡಬೇಕಾಗುತ್ತದೆ, ಮತ್ತು ಆ ಸ್ನಾನವೇ ಈ ಪತ್ರದ ವಿಷಯ. ಇತ್ತ ನಾನು ಕ್ಷೇಮವಾಗಿಲ್ಲ. ತಾವು ಈ ಬೇಸಿಗೆಯುದ್ದಕ್ಕೂ ಪರಮ ಕ್ಷೇಮವಾಗಿದ್ದಿರೆಂಬುದನ್ನು ತಮ್ಮ ಹೊಟ್ಟೆಯೊಳಗಿನ ಸದ್ದಿನಿಂದಲೇ ತಿಳಿದು ಸಂತೋಷಪಟ್ಟಿದ್ದೇನೆ.

ಸರ್ಕಾರಿ ಕಚೇರಿಯೊಂದರಲ್ಲಿ ಕೂತು, ಸಾರ್ವಜನಿಕರು ಕಳಿಸಿದ ದೂರುಗಳಿಗೆಲ್ಲ 'ಪರಿಶೀಲಿಸಲಾಗುತ್ತಿದೆ' ಎಂದು ಉತ್ತರ ಬರೆದು ನಿವೃತ್ತಳಾದವಳು ನಾನು. ಮದುವೆಯ ಗೋಜಿಗೆ ಹೋಗದ ಕಾರಣ ಆಮೇಲೆ ನನ್ನ ತಮ್ಮ ಅನಂತರಾಮುವಿನ ಮನೆ ಸೇರಿದೆ. ಇಷ್ಟು ವರ್ಷ ಉತ್ತರ ಬರೆದವಳಿಗೆ ಒಂದು ದೂರು ಬರೆಯುವ ಭಾಗ್ಯ ಇರಲಿಲ್ಲ. ಆ ಕೊರತೆಯನ್ನು ನೀಗಿಸಿದ ತಮಗೆ ಮೊದಲು ಕೃತಜ್ಞತೆ ಸಲ್ಲಬೇಕು.

ಮಾರ್ಚ್ ತಿಂಗಳಿಂದ ನಮ್ಮ ಮನೆಯ ತಾರಸಿಯ ಟ್ಯಾಂಕು ಮಧ್ಯಾಹ್ನಕ್ಕೇ ಬರಿದಾಗತೊಡಗಿದ್ದು ತಮಗೆ ತಿಳಿಯದ್ದೇನಲ್ಲ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಊರಿನಲ್ಲಿ, ಬೆಳಿಗ್ಗೆ ಮೋಟರ್ ಹಾಕಿ ತುಂಬಿಸಿದ ನೀರು ಊಟದ ಹೊತ್ತಿಗೆ ಮಾಯವಾದರೆ ಮನೆ ಯಜಮಾನನಾದವನು ಯೋಚಿಸಲೇಬೇಕು. ಅನಂತರಾಮು ಯೋಚಿಸಿದ. ಮನೆಯಲ್ಲಿ ಇರುವವರು ಮೂವರು. ಅದರಲ್ಲಿ ಮಡಿ ಎಂದು ಬೇರೆ ಸೀರೆ ಒಗೆದು, ಒಣಗಿಸಿ, ಸ್ನಾನ ಮಾಡದೆ ಒಲೆ ಮುಟ್ಟದವಳು ನಾನೊಬ್ಬಳೇ. ಲೆಕ್ಕ ಅಲ್ಲಿಗೆ ಮುಗಿಯಿತು. "ಅಕ್ಕ, ನೀನು ಬೇಜಾರ್ ಮಾಡ್ಕೋಬೇಡ, ಸ್ವಲ್ಪ ನೀರು ನೋಡ್ಕೊಂಡು ಖರ್ಚು ಮಾಡು" ಎಂದ. ಅವನ ಹೆಂಡತಿ ಕಾತ್ಯಾಯಿನಿ ಒಳ್ಳೆಯ ಹುಡುಗಿ, ಎದುರಿಗೆ ಏನೂ ಹೇಳಲಿಲ್ಲ. ನನ್ನ ಸ್ನಾನದ ದೊಡ್ಡ ಬಕೆಟ್ಟನ್ನು ತೆಗೆದು ಗಿಡಗಳ ಹತ್ತಿರ ಇಟ್ಟು, ಅಲ್ಲಿಂದ ಸಣ್ಣದೊಂದನ್ನು ತಂದಿಟ್ಟಳು. ಸೊಪ್ಪಿನ ಗಾಡಿಯ ಹತ್ತಿರ ಎದುರು ಮನೆ ನೀಲಗಂಗಮ್ಮನವರು, "ಏನಮ್ಮ, ದಿನಕ್ಕೆ ಎಷ್ಟು ಸಲ ಸ್ನಾನ ಮಾಡ್ತೀರಂತೆ" ಎಂದು ನಗುತ್ತ ವಿಚಾರಿಸಿದಾಗ, ವಿಷಯ ಗೇಟು ದಾಟಿದೆ ಎಂದು ಅರ್ಥವಾಯಿತು. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ತಾವಾದರೋ ಒರೆಸುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ, ಮನೆಯವರೇ ಒರೆಸಿಕೊಟ್ಟರು.

ನ್ಯಾಯವಾಗಿ ಹೇಳಬೇಕೆಂದರೆ ಅನಂತರಾಮು ಪ್ಲಂಬರನ್ನೂ ಕರೆಸಿದ. ಮರೆಪ್ಪ ಎಂಬ ಆತ ಬಂದು, ನಲ್ಲಿಗಳನ್ನೆಲ್ಲ ತಿರುಗಿಸಿ, ಸಂಪಿನೊಳಗೆ ಟಾರ್ಚು ಬಿಟ್ಟು, ಕಾಫಿ ಕುಡಿದು, "ಲೀಕ್ ಎಲ್ಲೂ ಇಲ್ಲ ಸಾರ್, ಯೂಸೇಜ್ ಜಾಸ್ತಿ ಆಯ್ತು ಅಷ್ಟೆ" ಎಂದು ನನ್ನ ಒದ್ದೆ ಸೀರೆಯ ಕಡೆ ನೋಡಿಕೊಂಡು ಹೋದ. ತಮ್ಮ ಮುಚ್ಚಳ ಎತ್ತಿ ನೋಡಬೇಕೆಂದು ಆತನಿಗೂ ಅನ್ನಿಸಲಿಲ್ಲ. ನೆಲದ ಮೇಲೆ ಒಂದು ಹನಿಯನ್ನೂ ಬೀಳಿಸದೆ, ಎಲ್ಲವನ್ನೂ ಒಳಗೊಳಗೇ ಕಮೋಡಿಗೆ ಇಳಿಸುವ ತಮ್ಮ ನಯಗಾರಿಕೆಯ ಮುಂದೆ ಯಾವ ಹಗರಣದವರೂ ನಿಲ್ಲಲಾರರು.

ತಮ್ಮ ಮೇಲೆ ನನಗೆ ಅನುಮಾನ ಬಂದದ್ದು ಜಪಕ್ಕೆ ಕೂತಾಗ. ಮನೆಯಲ್ಲಿ ಟಿವಿ ಇಲ್ಲದ ಹೊತ್ತು ಅದೊಂದೇ. ಹಾಲು ಉಕ್ಕುವ ಮುಂಚೆ ಪಾತ್ರೆಯ ಅಂಚಿನಲ್ಲಿ ಬರುವಂಥ ಸಣ್ಣ ಸದ್ದು ಬಾತ್‌ರೂಮಿನಿಂದ ಬರುತ್ತಿತ್ತು. ಎದ್ದು ಹೋಗಿ ತಮ್ಮ ಮುಚ್ಚಳ ಎತ್ತಿ ಬಗ್ಗಿ ನೋಡಿದೆ. ತೆರೆದ ಮೇಲೆ, ಮುಟ್ಟಿದ ಮೇಲೆ, ಸ್ನಾನ ಮಾಡದೆ ದೇವರಮನೆಗೆ ಹೋಗುವ ಹಾಗಿಲ್ಲವಲ್ಲ, ಮಾಡಿದೆ. ಹೊರಗೆ ಬಂದರೆ ಅನಂತರಾಮು ಪೇಪರ್ ಇಳಿಸಿ, "ಮತ್ತೆ ಸ್ನಾನಾನಾ ಅಕ್ಕ" ಎಂದ. ತಮ್ಮ ಕಳ್ಳತನವನ್ನು ಹಿಡಿಯಲು ನಾನು ಎಷ್ಟು ಸಲ ಒಳಗೆ ಹೋದೆನೋ ಅಷ್ಟು ಸಲವೂ ನೀರು ಪೋಲು ಮಾಡಿದವಳಾಗಿ ಹೊರಗೆ ಬಂದೆ. ತಮ್ಮನ್ನು ಮುಟ್ಟಿಯೂ ಮುಟ್ಟಿಲ್ಲವೆಂದುಕೊಂಡು ಸುಮ್ಮನಿರಬಹುದಿತ್ತು ಎಂದು ತಾವು ಹೇಳಬಹುದು. ಅದು ತಮ್ಮಂಥವರಿಗೆ ಸಾಧ್ಯ, ನನ್ನಂಥವರಿಗಲ್ಲ.

ಕಡೆಗೆ ಬಣ್ಣದ ಪರೀಕ್ಷೆ ಮಾಡಲು ನಿಶ್ಚಯಿಸಿದೆ. ತಮ್ಮೊಳಗಿನ ನೀರಿಗೆ ಬಣ್ಣ ಹಾಕಿ, ಯಾರೂ ಫ್ಲಶ್ ಮಾಡದೆ ಬಿಟ್ಟರೆ, ಕೆಳಗೆ ಬಣ್ಣ ಕಂಡ ಕೂಡಲೇ ತಮ್ಮ ಅಪರಾಧ ಸಾಬೀತು. ಕುಂಕುಮ ಕೈಯಲ್ಲೇ ಇತ್ತು, ಆದರೆ ಅದನ್ನು ಅಲ್ಲಿಗೆ ಹಾಕಿದರೆ ಯಾವ ನರಕಕ್ಕೆ ಹೋಗಬೇಕಾಗುತ್ತದೋ ಎಂದು ಹೆದರಿ, ಪಲ್ಯಕ್ಕೆ ಬೇಯಿಸಿದ್ದ ಬೀಟ್‌ರೂಟಿನ ನೀರನ್ನು ಸೋಸಿ ತಂದು, ಎಲ್ಲರೂ ಮಲಗಲು ಹೋದ ಮೇಲೆ ತಮಗೆ ಅಭಿಷೇಕ ಮಾಡಿದೆ. ಬೆಳಗಾಗುವ ಮೊದಲೇ ಎದ್ದು ನೋಡಬೇಕೆಂದಿದ್ದವಳು ನಾನು. ನನಗಿಂತ ಮೊದಲು ಅನಂತರಾಮು ಎದ್ದ. ಕನ್ನಡಕವಿಲ್ಲದೆ ಹೋಗಿ, ಎದ್ದು, ಕೆಳಗೆ ನೋಡಿದವನಿಗೆ ಕಂಡದ್ದು ಕೆಂಪು. ಗಾಬರಿಯಲ್ಲಿ ಫ್ಲಶ್ ಮಾಡಿದ್ದಾನೆ. ತಾವು ಉದಾರವಾಗಿ ಇನ್ನಷ್ಟು ಕೆಂಪನ್ನೇ ಕರುಣಿಸಿದಿರಿ.

ಕ್ಲಿನಿಕ್ಕಿಗೆ ಹೋಗುವ ಆಟೋದಲ್ಲಿ ಅವನು ಕಾತ್ಯಾಯಿನಿಯ ಕೈ ಹಿಡಿದುಕೊಂಡು, ತನಗೆ ಏನಾದರೂ ಆದರೆ "ಬೆಳಿಗ್ಗೆ ಮೋಟರ್ ಹಾಕೋದು ಮಾತ್ರ ಮರೀಬೇಡ" ಎಂದು ಕೊನೆಯ ಮಾತು ಹೇಳುತ್ತಿದ್ದ. "ಅದು ನಾನು ಹಾಕಿದ ಬಣ್ಣ ಕಣೋ ಅನಂತು" ಎಂದು ನಾನು ಹೇಳಿದ್ದು ಇಬ್ಬರಿಗೂ ಕೇಳಲಿಲ್ಲ. ಕ್ಲಿನಿಕ್ಕಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ರಾತ್ರಿ ಬೀಟ್‌ರೂಟ್ ಏನಾದ್ರೂ ತಿಂದ್ರಾ" ಎಂದು ಕೇಳಿದರು. ತಿಂದಿದ್ದ. ಪಲ್ಯ ಮಾಡಿದವಳು ನಾನೇ. ವಾಪಸು ಬರುವಾಗ ಮತ್ತೆ ಬಿಡಿಸಿ ಹೇಳಿದೆ. "ಡಾಕ್ಟ್ರೇ ಹೇಳಿದ್ರಲ್ಲ ಅಕ್ಕ, ತಿಂದಿದ್ದಕ್ಕೆ ಆಗಿದ್ದು ಅಂತ" ಎಂದ. ಹೀಗೆ ತಮ್ಮ ವಿರುದ್ಧದ ಸಾಕ್ಷಿಯೂ ನನ್ನ ತಲೆಗೇ ಬಂದು ಕೂತಿತು.

ಅದರ ಮರುದಿನ ಅವನು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಮಳೆ ಹಿಡಿಯುವವರೆಗೆ ನಾನು ಹನುಮಂತನಗರದಲ್ಲಿರುವ ಚಿಕ್ಕಮ್ಮನ ಮಗಳ ಮನೆಯಲ್ಲಿದ್ದರೆ ಹೇಗೆ ಎಂದು ಕೇಳಿದ; ಅವರ ಮನೆಯಲ್ಲಿ ಬೋರ್‌ವೆಲ್ ಇದೆಯಂತೆ. ಮಾನ್ಯರೇ, ಇಲ್ಲಿಯವರೆಗಿನದನ್ನೆಲ್ಲ ನಾನು ನಗುತ್ತಲೇ ಬರೆದೆ. ಈ ಮಾತಿಗೆ ನನಗೆ ಅಳು ಬಂತು. ನೀರಿಗಾಗಿ ಮನೆಯವರು ಮನೆಯವಳನ್ನು ಸಾಗಹಾಕುತ್ತಾರೆಂದು ನಾನು ಎಣಿಸಿರಲಿಲ್ಲ. ಆಗಲಿ, ವಾರದ ಕೊನೆಗೆ ಹೋಗುತ್ತೇನೆ ಎಂದೆ.

ಅವರಿಬ್ಬರೂ ಒಂದು ಮದುವೆಗೆ ಹೋದ ದಿನ ತಮ್ಮ ಕೆಳಗಿನ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದೆ. ತಮ್ಮ ತಳದಲ್ಲಿರುವ ರಬ್ಬರ್ ವಾಷರು ಹಳೇ ಚಕ್ಕುಲಿಯ ಹಾಗೆ ಬಿರಿದು, ಒಂದು ಪಕ್ಕ ಸವೆದಿತ್ತು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬಸ್ಸಿನಲ್ಲಿ ಸಾರಕ್ಕಿ ಮಾರ್ಕೆಟ್ಟಿಗೆ ಹೋಗಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಅಳತೆಯ ಹೊಸದನ್ನು ತಂದು, ಸೆರಗು ಸಿಕ್ಕಿಸಿ, ತಮ್ಮ ಉದರದೊಳಗೆ ಮೊಣಕೈವರೆಗೆ ಕೈ ಹಾಕಿ ಕೂರಿಸಿದೆ. ಅದಾದ ಮೇಲೆ ಮಾಡಿದ ಸ್ನಾನದಷ್ಟು ನೆಮ್ಮದಿಯ ಸ್ನಾನವನ್ನು ನಾನು ಈ ಬೇಸಿಗೆಯಲ್ಲಿ ಮಾಡಿಲ್ಲ.

ಮರುದಿನ ತಾರಸಿಯ ಟ್ಯಾಂಕಿನಲ್ಲಿ ಸಂಜೆಯವರೆಗೂ ನೀರಿತ್ತು. ಅದರ ಮರುದಿನವೂ ಇತ್ತು. ಅನಂತರಾಮು ಹೆಂಡತಿಗೆ ಹೇಳುವುದು ನನ್ನ ಕಿವಿಗೇ ಬಿತ್ತು: "ಹನುಮಂತನಗರಕ್ಕೆ ಕಳಿಸ್ತೀನಿ ಅಂದಿದ್ದೇ ತಡ, ಅಕ್ಕ ಎಷ್ಟು ಸುಧಾರಿಸಿದ್ಲು ನೋಡು." ನಾನು ಹಳೆಯ ವಾಷರನ್ನು ತಂದು ತೋರಿಸಿದೆ. ಅದನ್ನು ಬೆರಳಲ್ಲಿ ಹಿಡಿದು, "ಇಷ್ಟು ಚಿಕ್ಕ ರಬ್ಬರಿಂದ ಅಷ್ಟು ನೀರು ಹೋಗತ್ತಾ ಅಕ್ಕ" ಎಂದು ನಕ್ಕು, ನಾನು ಹನುಮಂತನಗರಕ್ಕೆ ಹೋಗಬೇಕಾಗಿಲ್ಲವೆಂದು ದೊಡ್ಡ ಮನಸ್ಸು ಮಾಡಿ ತಿಳಿಸಿದ. ಕ್ಷಮೆ ಸಿಕ್ಕಿತು, ಮಾಡದ ತಪ್ಪಿಗೆ.

ಆದ್ದರಿಂದ ತಮ್ಮಲ್ಲಿ ಅರಿಕೆ ಏನೆಂದರೆ, ತಾವು ದಯವಿಟ್ಟು ಒಂದು ಬೆಳಿಗ್ಗೆ ಗೋಡೆಯಿಂದ ಇಳಿದು ಹಾಲಿಗೆ ಬಂದು, ಅನಂತರಾಮು ಪೇಪರ್ ಓದುವಾಗ ಅವನೆದುರು ನಿಂತು, ನಡೆದದ್ದನ್ನು ನಡೆದಂತೆ ಹೇಳಬೇಕು. ಹಾಗೆಯೇ ಎದುರು ಮನೆಗೂ ಹೋಗಿ, ನೀಲಗಂಗಮ್ಮನವರಿಗೂ ಒಂದು ಮಾತು ತಿಳಿಸಿ ಬರಬೇಕು. ಇದು ಕಷ್ಟವಾದರೆ, ಮುಂದಿನ ಜನ್ಮದಲ್ಲಿ ತಾವು ಮಡಿ ಹೆಂಗಸಾಗಿ ಹುಟ್ಟಿ ತಮ್ಮನ ಮನೆಯಲ್ಲಿ ಇರಬೇಕು, ನಾನು ಆ ಮನೆಯ ಗೋಡೆಯ ಮೇಲೆ ಕೂತಿರುತ್ತೇನೆ. ತಮ್ಮ ಉತ್ತರ 'ಪರಿಶೀಲಿಸಲಾಗುತ್ತಿದೆ' ಎಂದೇ ಇರುತ್ತದೆಂದು ಬಲ್ಲೆ, ಆದರೂ ಕೇಳಿಕೊಂಡಿದ್ದೇನೆ.

ಇಂತು, ತಮ್ಮ ಉದರದ ಆಳವನ್ನು ಮೊಣಕೈವರೆಗೆ ಬಲ್ಲ,
ತಮ್ಮ ವಿಶ್ವಾಸಿ,
ಸರ್ವಮಂಗಳಾ

ತಾ.ಕ.: ಇಂದು ಬೆಳಿಗ್ಗೆ ಗಿಡಗಳ ಹತ್ತಿರವಿದ್ದ ನನ್ನ ದೊಡ್ಡ ಬಕೆಟ್ಟನ್ನು ತೊಳೆದು ಒಳಗೆ ತಂದುಕೊಂಡಿದ್ದೇನೆ. ಇನ್ನು ಮೇಲೆ ಎರಡು ಹೊತ್ತೂ ಅದು ತುಂಬ ನೀರು ಸುರಿದುಕೊಳ್ಳುವವಳಿದ್ದೇನೆ. ತಾರಸಿಯ ಟ್ಯಾಂಕು ಬರಿದಾಗಿ ಯಾರಾದರೂ ಕೇಳಿದರೆ, ಫ್ಲಶ್ ಟ್ಯಾಂಕ್ ಸೋರುತ್ತಿದೆ ಎಂದು ಹೇಳುತ್ತೇನೆ. ಇಷ್ಟು ದಿನ ತಾವು ನನ್ನ ಹೆಸರಿನಲ್ಲಿ ಸುರಿಸಿದಿರಿ. ಇನ್ನು ಸ್ವಲ್ಪ ದಿನ ನಾನು ತಮ್ಮ ಹೆಸರಿನಲ್ಲಿ ಸುರಿಸುತ್ತೇನೆ.