ಬೇಗ, ತಡ, ಬಂದಾಗ

ಅದು ಒಂದು ಬುಧವಾರ. ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ, ನಡುಮನೆಯ ಬಾಗಿಲ ಪಕ್ಕ ತೂಗುಹಾಕಿದ್ದ ಸ್ಲೇಟಿನ ಮುಂದೆ ನಿಂತು, ರಾತ್ರಿ ಊಟಕ್ಕೆ ‘ಬೇಗ’ ಅನ್ನುವ ಕಡೆ ಹೆಸರು ಬರೆಯಲೋ ‘ತಡ’ ಅನ್ನುವ ಕಡೆ ಬರೆಯಲೋ ಎಂದು ಯೋಚಿಸುತ್ತಿದ್ದೆ. ನನ್ನ ಹೆಂಡತಿ ಸಿದ್ದಗಂಗಮ್ಮ ಒಳಗಿನಿಂದಲೇ, “ಹೆಣ್ ನೋಡಾಕ್ ಬಂದವ್ರಂಗೆ ಅದೇನ್ ನೋಡ್ತಾ ನಿಂತಿದೀರಾ, ಬರ್ದು ಹೊರಡಿ” ಅಂದಳು. ‘ಬೇಗ’ದ ಕೆಳಗೆ ಬರೆದು ಹೊರಟೆ. ಸಂಜೆ ಏಳಕ್ಕೆ ಬಂದು, ಬಡಿಸಿದ್ದನ್ನು ಉಂಡು, ಅವರೆಕಾಳು ಸಾರಿಗೆ ಉಪ್ಪು ಒಂಚೂರು ಕಡಿಮೆಯಾಗಿದೆ ಎಂದು ಹೇಳಿ, ಕೈತೊಳೆದು ಜಗಲಿಗೆ ಹೋಗಿ ಕೂತೆ. ಅಷ್ಟೇ. ಮಾರನೆಯ ಬೆಳಗ್ಗೆ ಒರಳುಕಲ್ಲಿನ ಪಕ್ಕ ಅವಳು ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ. ಆಟೋದಲ್ಲಿ ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ತೀರಿಕೊಂಡ ಹೆಂಡತಿಯ ಬಗ್ಗೆ ಬರೆಯುವವರು ಅವಳ ತಾಳ್ಮೆ, ಅವಳ ನಗು, ಹಣೆಯ ಕುಂಕುಮ ಇಂಥವನ್ನು ಬರೆಯುತ್ತಾರೆ. ನಾನೂ ಹಾಗೆಯೇ ಬರೆಯಬೇಕೆಂದು ಎರಡು ಸಲ ಹಾಳೆ ತೆಗೆದುಕೊಂಡು ಕೂತೆ. ಎರಡು ಸಲವೂ ಮೊದಲು ಬಂದದ್ದು ನನ್ನ ಹೊಟ್ಟೆಕಿಚ್ಚು. ಹತ್ತನೇ ಕ್ಲಾಸಿನವರೆಗೆ ಓದಿದವನು ನಾನು. ಬಂದದ್ದನ್ನು ಪಕ್ಕಕ್ಕೆ ಸರಿಸಿ ಬೇರೆ ಏನನ್ನೋ ಬರೆಯುವ ಜಾಣತನ ನನಗಿಲ್ಲ. ಅದಕ್ಕೇ ಹೊಟ್ಟೆಕಿಚ್ಚಿನದನ್ನೇ ಬರೆಯುತ್ತೇನೆ. ಅದೂ ಎಂಥ ಹೊಟ್ಟೆಕಿಚ್ಚು ಅಂತೀರಿ? ಊಟದ ಹೊತ್ತಿನದು.

ಎಪ್ಪತ್ತೆಂಟನೇ ಇಸವಿಯಲ್ಲಿ ನಾನು ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್‌ಕೀಪರ್ ಆಗಿದ್ದೆ. ನಟ್ಟು, ಬೋಲ್ಟು, ವಾಷರುಗಳ ನಡುವೆ ಹಗಲು ಕಳೆಯುವ ಕೆಲಸ. ಮಕ್ಕಳಿಲ್ಲದ ಮನೆ, ತುಮಕೂರಿನಲ್ಲಿ, ಹಿಂಭಾಗದಲ್ಲಿ ದೊಡ್ಡ ಹಜಾರವಿದ್ದ ಬಾಡಿಗೆ ಮನೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಇಬ್ಬರು ಹೋಟೆಲ್ ಊಟ ತಿಂದು ಹೊಟ್ಟೆ ಕೆಡಿಸಿಕೊಂಡಾಗ ಒಂದು ವಾರ ನಮ್ಮ ಮನೆಯಲ್ಲಿ ಉಣ್ಣಲಿ ಎಂದು ಕರೆತಂದೆ. ಅವರು ವಾರವಾದರೂ ಹೋಗಲಿಲ್ಲ. ಇನ್ನಿಬ್ಬರನ್ನು ಕರೆತಂದರು. ವರ್ಷ ತುಂಬುವಷ್ಟರಲ್ಲಿ ರಾತ್ರಿ ಊಟಕ್ಕೆ ಹದಿನೆಂಟು ಜನ. ನಮ್ಮ ಮನೆಗೆ ‘ಗಂಗಮ್ಮನ ಮೆಸ್ಸು’ ಎಂದು ಹೆಸರಾಯಿತು. ಅದಕ್ಕೂ ಮೊದಲು ಆ ಬೀದಿಯಲ್ಲಿ ಅದು ನನ್ನ ಹೆಸರಿನ ಮನೆಯಾಗಿತ್ತು ಅನ್ನುವುದನ್ನು ಇಲ್ಲಿ ಹೇಳಿಬಿಡುತ್ತೇನೆ. ಹೊಟ್ಟೆಕಿಚ್ಚು ಅಲ್ಲಿಂದಲೇ ಶುರುವಾಗಿರಬೇಕು.

ಹಜಾರದಲ್ಲಿ ಒಂದು ಸಲಕ್ಕೆ ಹತ್ತು ಜನ ಕೂರಬಹುದಿತ್ತು. ಆದ್ದರಿಂದ ಎರಡು ಪಂಕ್ತಿ. ಆದರೆ ಅನ್ನದಂತಲ್ಲ ಮುದ್ದೆ, ಮಾಡಿಟ್ಟು ಕಾಯುವಂತಿಲ್ಲ. ಎಷ್ಟು ಜನ, ಯಾವ ಹೊತ್ತಿಗೆ ಎಂದು ಮೊದಲೇ ತಿಳಿದರೆ ಮಾತ್ರ ಅಷ್ಟಕ್ಕೆ ಎಸರಿಟ್ಟು, ಹಿಟ್ಟು ತಿರುವಿ, ಬಿಸಿಯಿರುವಾಗಲೇ ಉಂಡೆ ಕಟ್ಟಬಹುದು. ಅದಕ್ಕಾಗಿ ಸಿದ್ದಗಂಗಮ್ಮ ಒಂದು ಸ್ಲೇಟು ತಂದು ಮೂರು ಮನೆ ಗೀಚಿದಳು. ‘ಬೇಗ’ ಅಂದರೆ ಏಳು ಗಂಟೆ. ‘ತಡ’ ಅಂದರೆ ಎಂಟೂಮುಕ್ಕಾಲು. ಮೂರನೆಯದು ‘ಬಂದಾಗ’. ಬೆಳಗ್ಗೆ ತಿಂಡಿ ತಿಂದು ಹೋಗುವಾಗ ಎಲ್ಲರೂ ಹೆಸರು ಬರೆದು ಹೋಗಬೇಕು. ಗಂಡನಾದ ನಾನೂ ಬರೆಯಬೇಕು. ನನ್ನ ಮನೆಯ ಊಟಕ್ಕೆ ನಾನು ಹೆಸರು ಬರೆಸಬೇಕೇ ಎಂದು ಕೇಳಿದ್ದಕ್ಕೆ, ಮುದ್ದೆಗೆ ಗಂಡ ಯಾರು ಮೆಸ್ಸಿನವ ಯಾರು ಅಂತ ಗೊತ್ತಾಗುವುದಿಲ್ಲ ಅಂದಳು.

ಬೇಗ ಉಣ್ಣಬೇಕೋ ತಡವಾಗಿ ಉಣ್ಣಬೇಕೋ ಅನ್ನುವುದು ಸಣ್ಣ ವಿಷಯವಲ್ಲ. ಅದರಲ್ಲಿ ನಾನು ಪಂಡಿತನಾಗಿದ್ದೆ. ಮೊದಲ ಪಂಕ್ತಿಯವರಿಗೆ ಮುದ್ದೆ ಬೆಣ್ಣೆಯಂತೆ ಸಿಗುತ್ತದೆ, ಸಾರು ಮಾತ್ರ ತಿಳಿ; ಕಾಳೆಲ್ಲ ಪಾತ್ರೆಯ ತಳದಲ್ಲಿ ಎರಡನೇ ಪಂಕ್ತಿಗಾಗಿ ಕಾದು ಕೂತಿರುತ್ತದೆ. ಎರಡನೇ ಪಂಕ್ತಿಗೆ ಸಾರು ಮಂದ, ಒಗ್ಗರಣೆ ಚೆನ್ನಾಗಿ ಇಳಿದಿರುತ್ತದೆ, ಆದರೆ ಹಪ್ಪಳ ಮುಗಿದಿರುತ್ತದೆ. ಬೇಗ ಉಣ್ಣುವವರಲ್ಲಿ ವೀರಭದ್ರಯ್ಯ ಎಂಬ ರಿಟೈರ್ಡ್ ಮೇಷ್ಟ್ರು ಮುಖ್ಯರು. ಅವರಿಗೆ ಹೊಟ್ಟೆಹುಣ್ಣು. ಏಳಕ್ಕೆ ಐದು ನಿಮಿಷವಿರುವಾಗಲೇ ತಟ್ಟೆಯ ಮುಂದೆ ಪದ್ಮಾಸನ ಹಾಕಿ, ಅಡುಗೆಮನೆಯ ಕಡೆ ನೋಡುತ್ತಾ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ತಡವಾಗಿ ಉಣ್ಣುವವರು ಹುಡುಗಾಟದವರು, ಇಸ್ಪೀಟಿನವರು; ಅವರ ಪಂಕ್ತಿಯಲ್ಲಿ ನಗು ಜಾಸ್ತಿ. ನಾನು ಸೋಮವಾರ ಕಾಳಿಗಾಗಿ ‘ತಡ’ ಬರೆದರೆ ಅಂದು ಬೇಗದವರಿಗೆ ಹಪ್ಪಳದ ಜೊತೆ ಕಾಯೊಬ್ಬಟ್ಟು ಬಿದ್ದಿರುತ್ತಿತ್ತು. ಮಂಗಳವಾರ ‘ಬೇಗ’ ಬರೆದರೆ, ತಡದವರಿಗೆ ಗಟ್ಟಿ ಮೊಸರು. ನಾನು ಯಾವ ಪಂಕ್ತಿಯಲ್ಲಿ ಇರುವುದಿಲ್ಲವೋ ಆ ಪಂಕ್ತಿಯೇ ಒಳ್ಳೆಯದು ಎಂದು ನನಗೆ ಆರು ತಿಂಗಳಲ್ಲಿ ಖಚಿತವಾಯಿತು.

ಇದೆಲ್ಲಾ ತಡೆದುಕೊಳ್ಳಬಹುದಾದ ಸಂಕಟ. ತಡೆಯಲಾಗದ್ದು ಮೂರನೆಯ ಮನೆಯದು. ‘ಬಂದಾಗ’ದ ಕೆಳಗೆ ಒಂದೇ ಹೆಸರು, ದಿನವೂ ಅದೇ ಹೆಸರು: ಮರಿಯಪ್ಪ. ಗುಬ್ಬಿಯಿಂದ ತುಮಕೂರಿನ ಮೇಲೆ ಕುಣಿಗಲ್ಲಿಗೆ ಹೋಗಿಬರುವ ಖಾಸಗಿ ಬಸ್ಸಿನ ಕಂಡಕ್ಟರು. ಅವನ ಬಸ್ಸು ಒಂದು ದಿನ ಆರೂವರೆಗೆ ಬರುತ್ತಿತ್ತು, ಒಂದು ದಿನ ಒಂಬತ್ತಕ್ಕೆ. ಟೈರು ಪಂಕ್ಚರಾದರೆ ದೇವರಿಗೇ ಗೊತ್ತು. ನನ್ನ ಹೆಂಡತಿಯ ತವರು ಗುಬ್ಬಿ. ಅವನದು ಅದರ ಪಕ್ಕದ ಹಳ್ಳಿ. ಬಂದ ಮೊದಲ ದಿನವೇ ‘ಅಕ್ಕ’ ಅಂದುಬಿಟ್ಟ. ಅವನು ಯಾವಾಗ ಬಂದರೂ ಇವಳು ಸಣ್ಣ ಪಾತ್ರೆಗೆ ಎಸರಿಟ್ಟು, ಅವನು ಕೈಕಾಲು ತೊಳೆದು ಬರುವಷ್ಟರಲ್ಲಿ ಹೊಸ ಮುದ್ದೆ ತಿರುವುತ್ತಿದ್ದಳು. ಹಜಾರದಲ್ಲಿ ಅಲ್ಲ, ಅಡುಗೆಮನೆಯಲ್ಲೇ ಕೂರಿಸುತ್ತಿದ್ದಳು. ಹದಿನೆಂಟು ಜನರಿಗೆ ಹೆಸರು ಬರೆಸಿ ಉಣ್ಣಿಸುವವಳು ಒಬ್ಬನಿಗಾಗಿ ಬೇರೆ ಎಸರಿಡುತ್ತಾಳೆ ಅನ್ನುವುದು ನನ್ನೊಳಗೆ ಕುದಿಯಿತು. ಅವಳ ನಡತೆಯ ಮೇಲೆ ನನಗೆ ಅನುಮಾನವಿರಲಿಲ್ಲ. ಆ ಮಟ್ಟಕ್ಕೆ ನಾನು ಇಳಿದವನಲ್ಲ. ನನ್ನ ಹೊಟ್ಟೆಕಿಚ್ಚು ಶುದ್ಧವಾಗಿ ಮುದ್ದೆಯ ಮೇಲಿನದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ವೀರಭದ್ರಯ್ಯ ಮೇಷ್ಟ್ರು ಒಂದು ದಿನ ಸಾರು ಸುರಿದುಕೊಳ್ಳುತ್ತಾ, “ಏನ್ ಸ್ಟೋರ್‌ಕೀಪರ್ರೇ, ನಮಗೂ ನಿಮಗೂ ಒಂದೇ ಪಂಕ್ತಿ. ಆ ಕಂಡಕ್ಟರು ಅಳಿಯನಂಗೆ ಉಂಡೋಯ್ತವ್ನೆ ಬುಡಿ” ಅಂದರು. ಮೇಷ್ಟ್ರಿಗೆ ಹುಣ್ಣು ಇದ್ದದ್ದು ಹೊಟ್ಟೆಯಲ್ಲಿ ಮಾತ್ರವಲ್ಲ. ಆದರೂ ಆ ಮಾತು ನನಗೆ ನಾಟಿತು. ಮಾರನೆಯ ಬೆಳಗ್ಗೆ ನಾನು ಸ್ಲೇಟಿನ ಮೂರನೇ ಮನೆಯಲ್ಲಿ, ಮರಿಯಪ್ಪನ ಹೆಸರಿನ ಮೇಲ್ಗಡೆಯೇ, ಅವನಿಗಿಂತ ದಪ್ಪ ಅಕ್ಷರದಲ್ಲಿ ನನ್ನ ಹೆಸರು ಬರೆದು ಹೊರಟೆ.

ಬಂದಾಗ ಉಣ್ಣುವವನು ಮೊದಲು ಎಲ್ಲಿಗಾದರೂ ಹೋಗಬೇಕಲ್ಲ. ನನ್ನ ಯೋಚನೆ ಎಂಟೂಮುಕ್ಕಾಲಿನ ಪಂಕ್ತಿಯೂ ಎದ್ದಮೇಲೆ, ಬಹಳ ಕೆಲಸವಿದ್ದವನಂತೆ ಮನೆಗೆ ಹೋಗುವುದು. ಕೆಲಸ ಐದೂವರೆಗೇ ಬಿಟ್ಟಿತು. ಸೈಕಲ್ ತುಳಿದುಕೊಂಡು ಕ್ಯಾತ್ಸಂದ್ರದವರೆಗೂ ಹೋದೆ. ಅಲ್ಲಿ ಕಾರಣವಿಲ್ಲದೆ ಇಳಿದು, ಕಾರಣವಿಲ್ಲದೆ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತೆ. ಒಂದು ರೈಲು ಬಂತು, ಹೋಯಿತು. ಹೆದ್ದಾರಿಯ ಹೋಟೆಲಿನಿಂದ ಮೆಣಸಿನಕಾಯಿ ಬೋಂಡದ ವಾಸನೆ ಬಂತು. ತಿಂದರೆ ಮನೆಯಲ್ಲಿ ಹಸಿವಿಲ್ಲದೆ ಗೆಲುವಿಗೆ ಬೆಲೆಯಿರುವುದಿಲ್ಲ ಎಂದು ತಿನ್ನಲಿಲ್ಲ. ಏಳೂವರೆಯ ಹೊತ್ತಿಗೆ ಕಣ್ಣು ಕತ್ತಲೆಗಟ್ಟಿತು. ನಲವತ್ತು ವರ್ಷ ಹೊತ್ತಿಗೆ ಸರಿಯಾಗಿ ಉಂಡ ಹೊಟ್ಟೆಗೆ ಬಂದಾಗ ಉಣ್ಣುವ ಅಭ್ಯಾಸ ಒಂದೇ ಸಂಜೆಯಲ್ಲಿ ಬರುವುದಿಲ್ಲ. ಎಂಟು ಗಂಟೆಗೆಲ್ಲ ಮನೆಗೆ ವಾಪಸ್ಸು ಬಂದುಬಿಟ್ಟೆ.

ಮೊದಲ ಪಂಕ್ತಿ ಎದ್ದಾಗಿತ್ತು. ಎರಡನೆಯದಕ್ಕೆ ಇನ್ನೂ ಹೊತ್ತಿತ್ತು. ಹಿತ್ತಿಲಲ್ಲಿ ಸೈಕಲ್ ನಿಲ್ಲಿಸುವಾಗ ಅಡುಗೆಮನೆಯ ಕಿಟಕಿ ಎದುರಿಗೆ ಬಂತು. ಮರಿಯಪ್ಪ ಕೂತಿದ್ದ, ಅವನ ಬಸ್ಸು ಅಂದು ಬೇಗ ಬಂದಿರಬೇಕು. ಅವನ ಎದುರಿಗೆ, ಒಲೆಗೆ ಬೆನ್ನು ಮಾಡಿ, ನನ್ನ ಹೆಂಡತಿಯೂ ತಟ್ಟೆ ಇಟ್ಟುಕೊಂಡು ಕೂತಿದ್ದಳು. ಸಣ್ಣ ಪಾತ್ರೆಯಲ್ಲಿ ತಿರುವಿದ್ದದ್ದು ಒಂದು ಮುದ್ದೆಯಲ್ಲ, ಎರಡು. ಅವಳು ಚಿಕ್ಕವಳಿದ್ದಾಗ ಗುಬ್ಬಿಯಲ್ಲಿ ಅಜ್ಜಿಯ ಕಣ್ಣುತಪ್ಪಿಸಿ ಬಿಸಿ ಮುದ್ದೆಯನ್ನು ಲಂಗದಲ್ಲಿ ಸುತ್ತಿಕೊಂಡು ಓಡಿ, ತೊಡೆ ಸುಟ್ಟುಕೊಂಡ ಕಥೆ ಹೇಳುತ್ತಿದ್ದಳು. ಹೇಳುತ್ತಾ ನಗುತ್ತಿದ್ದಳು, ನಗುತ್ತಾ ಉಣ್ಣುತ್ತಿದ್ದಳು, ದೊಡ್ಡ ದೊಡ್ಡ ತುತ್ತು. ಹನ್ನೆರಡು ವರ್ಷದ ಸಂಸಾರದಲ್ಲಿ ಆ ಕಥೆ ನಾನು ಕೇಳಿರಲಿಲ್ಲ.

ನಾನು ಬಾಗಿಲಿಗೆ ಬಂದೆ. ಅವಳು ನೋಡಿದವಳೇ ತಟ್ಟೆಯಲ್ಲಿ ಅರ್ಧ ಮುದ್ದೆ ಇರುವಂತೆಯೇ ಎದ್ದು ಕೈತೊಳೆದಳು. “ಬಂದ್ರಾ, ಕೂತ್ಕಳಿ, ಬಡಿಸ್ತೀನಿ” ಅಂದಳು.

ಮರಿಯಪ್ಪ, ಅಕ್ಕ ಮೊದಲು ಉಂಡು ಮುಗಿಸಲಿ, ಸಾರ್‌ಗೆ ತಾನು ಬಡಿಸುತ್ತೇನೆ ಅಂದ. ನನ್ನ ಮನೆಯಲ್ಲಿ ನನಗೆ ಅವನು ಬಡಿಸುವುದೇ? ನಾನು ಹಸಿವಿಲ್ಲ ಎಂದು ಹೇಳಿ ಜಗಲಿಗೆ ಹೋದೆ. ಅಂದು ನನಗಿದ್ದಷ್ಟು ಹಸಿವು ನನ್ನ ಜೀವಮಾನದಲ್ಲಿ ಮತ್ತೆ ಆಗಿಲ್ಲ.

ಮಾರನೆಯ ಬೆಳಗ್ಗೆ, ಮನೆ ಅಂದಮೇಲೆ ಹೊತ್ತುಗೊತ್ತು ಇರಬೇಕು, ಬಂದವರು ಬಂದಾಗ ಉಣ್ಣಲು ಇದೇನು ಬಸ್‌ಸ್ಟ್ಯಾಂಡೇ, ಬೇಕಾದರೆ ಬೇಗ ಬರಲಿ ಇಲ್ಲವೇ ತಡವಾಗಿ ಬರಲಿ ಎಂದು ಭಾಷಣ ಮಾಡಿದೆ. ಸ್ಟೋರಿನಲ್ಲಿ ಕೆಲಸ ಮಾಡುವವನಿಗೆ ಶಿಸ್ತಿನ ಬಗ್ಗೆ ಮಾತಾಡಲು ಪದಗಳ ಕೊರತೆಯಿರುವುದಿಲ್ಲ. ಅವಳು ರಾಗಿಹಿಟ್ಟು ಜರಡಿ ಹಿಡಿಯುತ್ತಲೇ ಪೂರ್ತಿ ಕೇಳಿದಳು.

“ನಿಮಗೆ ಬೇಡಾಂದ್ರೆ ಅಳಿಸ್ಬುಡಿ,” ಅಂದಳು. “ನನ್ ಕೈಲಿ ಅಳಿಸ್ಬೇಡಿ.”

ಆ ಮಾತಿನಲ್ಲಿ ಏನಿತ್ತು ಎಂದು ನಿಂತು ಯೋಚಿಸದೆ ಒದ್ದೆ ಬಟ್ಟೆ ತಂದು ಮೂರನೆಯ ಮನೆಯನ್ನು ನಾನೇ ಅಳಿಸಿದೆ. ಮರಿಯಪ್ಪ ‘ತಡ’ದ ಕೆಳಗೆ ಹೆಸರು ಬರೆದ. ಬಸ್ಸು ಬೇಗ ಬಂದ ದಿನ ಎಂಟೂಮುಕ್ಕಾಲಿನವರೆಗೂ ಬಸ್ಸಿನಲ್ಲೇ ಕೂತಿದ್ದು ಬರುತ್ತಿದ್ದ. ತೀರಾ ತಡವಾದ ದಿನ ಎಲ್ಲಿ ಉಣ್ಣುತ್ತಿದ್ದನೋ ನಾನು ಕೇಳಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು. ನನಗೆ ನೆಮ್ಮದಿಯಾಯಿತು. ಹಪ್ಪಳ, ಮೊಸರುಗಳ ಹಳೆಯ ಹೊಟ್ಟೆಕಿಚ್ಚಿಗೆ ವಾಪಸ್ಸು ಬಂದು ಸುಖವಾಗಿದ್ದೆ. ಆಮೇಲೆ ಆ ಬುಧವಾರ ಬಂತು, ಅದರ ಮಾರನೆಯ ದಿನ ಬಂತು.

ಕಾರ್ಯಗಳೆಲ್ಲ ಮುಗಿದ ಮೇಲೆ ಮೆಸ್ಸಿನವರು ಒಬ್ಬೊಬ್ಬರೇ ಬೇರೆ ಕಡೆ ಹೋದರು. ಮೇಷ್ಟ್ರು ಮಾತ್ರ ನಾಲ್ಕು ದಿನ ಏಳು ಗಂಟೆಗೆ ಬಂದು ಜಗಲಿಯಲ್ಲಿ ಸುಮ್ಮನೆ ಕೂತು ಹೋದರು. ಒಂದು ಭಾನುವಾರ ನಾನು ಕುಣಿಗಲ್ಲಿನಲ್ಲಿದ್ದ ತಂಗಿಯ ಮನೆಗೆ ಹೊರಟಾಗ ಮರಿಯಪ್ಪನ ಬಸ್ಸೇ ಬಂತು. ಹತ್ತುವುದೋ ಬೇಡವೋ ಎಂದು ನಿಂತಿದ್ದಾಗ ಅವನೇ ಕೈಹಿಡಿದು ಹತ್ತಿಸಿಕೊಂಡು ಮುಂದಿನ ಸೀಟಿನಲ್ಲಿ ಕೂರಿಸಿದ. ಗೂಳೂರು ದಾಟಿದ ಮೇಲೆ ಜನ ಕಡಿಮೆಯಾಗಿ, ಬಂದು ಪಕ್ಕದಲ್ಲಿ ಕೂತ. ಅವಳು ದಿನಾ ಅವನ ಜೊತೆಯೇ ಉಣ್ಣುತ್ತಿದ್ದಳೇ ಎಂದು ನಾನೇ ಕೇಳಿದೆ. ನನ್ನ ದನಿಯಲ್ಲಿ ಆಗಲೂ ಹೊಟ್ಟೆಕಿಚ್ಚೇ ಇತ್ತು.

“ಅಕ್ಕಂಗೆ ಆರ್ ಗಂಟೆಗೇ ಹಸಿವಾಗ್ತಿತ್ತು ಸಾರ್,” ಅಂದ ಮರಿಯಪ್ಪ. “ಎಲ್ಲರ್ಗೂ ಇಕ್ಕೋ ಹೊತ್ಗೆ ಹಸಿವೇ ಸತ್ತೋಗಿ, ಎರಡು ತುತ್ತು ಮಜ್ಜಿಗೆ ಅನ್ನ ತಿಂದು ಮಲಗೋರು. ಅಕ್ಕ, ನೀವು ತಟ್ಟೆ ಹಾಕ್ಕಳದೆ ನಾನ್ ಉಣ್ಣಾಕಿಲ್ಲ ಅಂತ ನಾನೇ ಹಟ ಮಾಡಿ ಕೂರಿಸ್ದೆ.”

ಮೂರನೆಯ ಮನೆ ಅಳಿಸಿದ ಮೇಲೆ ಏನಾಯಿತು ಎಂದು ಕೇಳಿದೆ.

ಅವನು ಕಿಟಕಿಯ ಕಡೆ ತಿರುಗಿದ. “ಹತ್ತು ಜನದ ಪಂಕ್ತೀಲಿ ಕೂತ್ಕಂಡು ಅಕ್ಕ ನೀವೂ ಬನ್ನಿ ಅಂತ ಹೆಂಗ್ ಕರೀಲಿ ಸಾರ್?”

ಆಮೇಲೆ ಯಾರೋ ಬಸ್ಸು ನಿಲ್ಲಿಸಲು ಹೇಳಿದರು, ಅವನು ಎದ್ದು ಹೋದ. ಅವನ ಮೇಲಿನ ನನ್ನ ಹೊಟ್ಟೆಕಿಚ್ಚು ಅಂದಿಗೆ ಕಡಿಮೆಯಾಯಿತು ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ಆದರೆ ಅಂದಿನಿಂದ ಅದು ಎರಡರಷ್ಟಾಗಿದೆ. ಅವಳು ಆ ಕಥೆಯ ಹಾಗೆ ಇನ್ನೆಷ್ಟು ಕಥೆ ಹೇಳಿದ್ದಳೋ, ಉಪ್ಪಿನಕಾಯಿ ಮೊದಲು ಮುಟ್ಟುತ್ತಿದ್ದಳೋ ಕೊನೆಗೋ, ಹೊಟ್ಟೆ ತುಂಬಿದಾಗ ಏನನ್ನುತ್ತಿದ್ದಳೋ, ಎಲ್ಲಾ ಆ ಕಂಡಕ್ಟರನ ತಲೆಯಲ್ಲಿದೆ. ಅವನನ್ನು ಕೇಳಬಹುದು. ಬಸ್ಸು ದಿನಾ ಬರುತ್ತದೆ. ನಾನು ಈಗ ಕುಣಿಗಲ್ಲಿಗೆ ಹೋಗಬೇಕಾದರೆ ಬೇರೆ ಬಸ್ಸಿಗೆ ಕಾಯುತ್ತೇನೆ.

ಈಗ ಮನೆಯಲ್ಲಿ ನಾನೊಬ್ಬನೇ. ಹಸಿವಾದಾಗ ಅನ್ನ ಮಾಡಿಕೊಂಡು, ಬೇಗವೋ ತಡವೋ, ಮನಸ್ಸು ಬಂದಾಗ ಉಣ್ಣುತ್ತೇನೆ, ಕೇಳುವವರಿಲ್ಲ. ಅವಳು ನನಗೆ ಬಡಿಸಿದ ಊಟ ಸಾವಿರಗಟ್ಟಲೆ ನೆನಪಿದೆ. ನಾವಿಬ್ಬರೂ ಎದುರುಬದುರು ಕೂತು ಉಂಡ ಊಟ ಒಂದೂ ಇಲ್ಲ.