ಹುರುಳಿಕಾಯಿ ಪಲ್ಯದ ಮೂರು ಲೋಪಗಳು

ಲೋಕದಲ್ಲಿ ದೋಷವಿಲ್ಲದ ವಸ್ತು ಯಾವುದೂ ಇಲ್ಲ ಎಂದು ತಿಳಿದವರು ಹೇಳುತ್ತಾರೆ. ಹೇಳಿ ಸುಮ್ಮನಾಗುತ್ತಾರೆ. ಆ ದೋಷಗಳನ್ನು ಒಂದೊಂದಾಗಿ ಪಟ್ಟಿ ಮಾಡಿ, ಕ್ರಮಸಂಖ್ಯೆ ಹಾಕಿ, ಸಂಬಂಧಪಟ್ಟವರ ಮುಂದಿಡುವ ವ್ಯವಧಾನ ತಿಳಿದವರಿಗೆ ಇರುವುದಿಲ್ಲ. ನನ್ನ ಷಡ್ಡಕರಿಗೆ ಇದೆ.

ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ನಾನು ಅವರನ್ನು ಭಾವ ಎಂದೂ ಅವರ ಹೆಂಡತಿಯನ್ನು ಅಕ್ಕ ಎಂದೂ ಕರೆಯುತ್ತೇನೆ. ನಾವಿಬ್ಬರೂ ಕರ್ನಾಟಕದಿಂದ ಆಂಧ್ರಕ್ಕೆ ವರ್ಗವಾಗಿ ಬಂದ ಬ್ಯಾಂಕಿನವರು. ಬ್ಯಾಂಕು ಮಾತ್ರ ಬೇರೆ ಬೇರೆ. ನಾನು ವಿಜಯವಾಡದಲ್ಲಿ, ಅವರು ವಿಶಾಖಪಟ್ಟಣದಲ್ಲಿ. ಅವರದು ತಪಾಸಣೆ ವಿಭಾಗ. ಶಾಖೆಯಿಂದ ಶಾಖೆಗೆ ಹೋಗಿ ಲೋಪ ಹುಡುಕಿ ಬರೆಯುವುದೇ ಉದ್ಯೋಗ. ದೇವರು ಕೆಲವರಿಗೆ ಉದ್ಯೋಗ ಕೊಡುತ್ತಾನೆ, ಕೆಲವರಿಗೆ ಅದಕ್ಕೆ ತಕ್ಕ ಸ್ವಭಾವ ಕೊಡುತ್ತಾನೆ. ಭಾವನಿಗೆ ಎರಡನ್ನೂ ಕೊಟ್ಟು ಕೈ ತೊಳೆದುಕೊಂಡ.

ನನ್ನ ಮದುವೆಯಲ್ಲಿ ನನ್ನನ್ನು ಮೊದಲ ಸಲ ಕಂಡಾಗ ಅವರು ಆಡಿದ ಮೊದಲ ಮಾತು: "ಬಾಸಿಂಗ ಅರ್ಧ ಇಂಚು ಎಡಕ್ಕಿದೆ." ಮುಟ್ಟಿ ನೋಡಿಕೊಂಡೆ. ಇತ್ತು! ಅದೇ ತೊಂದರೆ. ಅವರು ಹೇಳುವ ದೋಷ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಸತ್ಯನಾರಾಯಣ ಪೂಜೆಯ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು, ಬಾಯಿಗೆ ಹಾಕಿಕೊಂಡು, "ದ್ರಾಕ್ಷಿಯೆಲ್ಲ ಒಂದೇ ಮೂಲೇಲಿ ಸೇರ್ಕೊಂಡಿದೆ" ಎಂದವರು ಅವರು. ಪುರೋಹಿತರು ಮುಂದಿನ ವರ್ಷ ಬೇರೆ ಊರಿನಲ್ಲಿ ಕಾರ್ಯಕ್ರಮವಿದೆ ಎಂದು ಹೇಳಿ ಕಳಿಸಿದರು.

ಇಂಥವರ ಜೊತೆ ಅಕ್ಕ ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದಾರೆ. ಹೇಗೆ ಎಂದು ಕೇಳಬೇಡಿ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದರು. ಆದರೆ ಒಂಬತ್ತು ವರ್ಷದ ಹಿಂದೆ ಒಂದು ಯುಗಾದಿಯ ದಿನ, ಎರಡು ಕಿವಿಗಳ ನಡುವಿನ ದಾರಿಯಲ್ಲಿ ಒಂದು ಮಾತು ಸಿಕ್ಕಿಕೊಂಡುಬಿಟ್ಟಿತು.

ವಿಶಾಖಪಟ್ಟಣದ ಕನ್ನಡದವರ ನಾಲ್ಕೈದು ಸಂಸಾರ ಊಟಕ್ಕೆ ಬಂದಿದ್ದವು. ಅಕ್ಕ ಮಾಡಿದ್ದ ಹುರುಳಿಕಾಯಿ ಪಲ್ಯಕ್ಕೆ ಎಲೆ ಎಲೆಯಿಂದಲೂ ಹೊಗಳಿಕೆ. "ಊರಿನ ಪಲ್ಯ ತಿಂದಹಾಗಾಯ್ತಮ್ಮ" ಎಂದು ಒಬ್ಬ ಹಿರಿಯರು ಕಣ್ಣು ಕೂಡ ಒರೆಸಿಕೊಂಡರು. ಆಗ ಭಾವ ಗಂಟಲು ಸರಿಮಾಡಿಕೊಂಡು, "ಪಲ್ಯ ಪರವಾಗಿಲ್ಲ. ಆದ್ರೆ ಮೂರು ಲೋಪ ಇದೆ" ಎಂದರು. ಬೆರಳು ಮಡಿಸಿದರು. "ಒಂದು, ಉಪ್ಪು ಹಿಂದಾಗಿದೆ. ಎರಡು, ಸಾಸಿವೆ ಮುಂದಾಗಿದೆ. ಮೂರು, ತೆಂಗಿನತುರಿ ಎಲ್ಲ ಕಡೆ ಸಮನಾಗಿ ಹಂಚಿಕೆಯಾಗಿಲ್ಲ."

ಅಕ್ಕ ಸೌಟು ಹಿಡಿದುಕೊಂಡು ಪೂರ್ತಿ ಕೇಳಿದರು. ಆಮೇಲೆ ಬಹಳ ಮೆತ್ತಗೆ, "ಇನ್ನು ಈ ಮನೇಲಿ ಹುರುಳಿಕಾಯಿ ಪಲ್ಯ ಬೇಕಾದ್ರೆ ನೀವೇ ಮಾಡ್ಕೊಳ್ಳಿ" ಎಂದರು. ಮುಂದಿನ ಎಲೆಗೆ ಹೋಳಿಗೆ ಬಡಿಸಿದರು.

ಅಂದಿನಿಂದ ಆ ಮನೆಗೆ ಹುರುಳಿಕಾಯಿ ಬರಲಿಲ್ಲ. ಬೆಂಡೆ ಬಂತು, ತೊಂಡೆ ಬಂತು, ಆಂಧ್ರದವರ ಗುಂಡು ಬದನೆಯೆಲ್ಲ ಬಂತು. ಹುರುಳಿಕಾಯಿ ಮಾತ್ರ ಇಲ್ಲ. ಭಾವನಿಗೆ ಜಗತ್ತಿನಲ್ಲಿ ಅತ್ಯಂತ ಪ್ರಿಯವಾದ ಪದಾರ್ಥ ಅದೊಂದೇ ಎಂಬುದು ಅಕ್ಕನಿಗೆ ಗೊತ್ತಿತ್ತು. ಒಂದು ವಾರದಲ್ಲಿ ಸರಿಹೋಗುತ್ತದೆ ಎಂದು ಭಾವ ಕಾದರು. ಕೇಳಲಿಲ್ಲ. ಅಕ್ಕ ಮಾಡಲಿಲ್ಲ. ಜೊತೆಗೆ, ಬಡಿಸಿದ ಮೇಲೆ "ಹೇಗಿದೆ?" ಎಂದು ಕೇಳುವುದನ್ನೂ ಅಕ್ಕ ನಿಲ್ಲಿಸಿದರು. ಭಾವನಿಗೆ ಪಲ್ಯ ಇಲ್ಲದ್ದಕ್ಕಿಂತ ಅದು ಹೆಚ್ಚು ಖಾಲಿಖಾಲಿ ಅನಿಸುತ್ತಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಹೋದ ವರ್ಷ ಅವರಿಗೆ ವಿಜಯವಾಡಕ್ಕೆ ವರ್ಗವಾಯಿತು. ನಿವೃತ್ತಿಗೆ ಎರಡು ವರ್ಷವೂ ಇಲ್ಲ. ಸಂಸಾರ ಕೀಳುವುದು ಬೇಡವೆಂದು ಒಬ್ಬರೇ ಬಂದರು. ನಮ್ಮ ಮನೆಯಲ್ಲೇ ಇರಿ ಎಂದೆವು. "ನೆಂಟರ ಮನೇಲಿ ನಿಷ್ಪಕ್ಷಪಾತವಾಗಿ ಇರೋಕಾಗಲ್ಲ ಕಣಯ್ಯಾ" ಎಂದು ಒನ್ ಟೌನ್ ಎಂಬ ಹಳೆಯ ಪೇಟೆಯಲ್ಲಿ ಒಂದು ಕೋಣೆ ಹಿಡಿದರು. ಕೆಳಗೆ ಒಣಮೆಣಸಿನಕಾಯಿಯ ಸಗಟು ಅಂಗಡಿ. ಒಗ್ಗರಣೆಗೆ ಬೇರೆ ಮೆಣಸಿನಕಾಯಿ ಹಾಕಬೇಕಾಗಿರಲಿಲ್ಲ, ಕಿಟಕಿ ತೆರೆದರೆ ಸಾಕಿತ್ತು.

ಮೊದಲ ಭಾನುವಾರವೇ ನಮ್ಮ ಮನೆಗೆ ಬಂದು ನನ್ನ ಹೆಂಡತಿಯ ಮುಂದೆ ನೋಟುಪುಸ್ತಕ ಬಿಚ್ಚಿ ಕುಳಿತರು.

"ಹುರುಳಿಕಾಯಿ ಪಲ್ಯ ಮಾಡೋದು ಹೇಳ್ಕೊಡಮ್ಮ. ನಾನು ಮಾಡಿ ನಿಮ್ಮಕ್ಕನಿಗೆ ತಿನ್ನಿಸ್ಬೇಕು."

ನನ್ನ ಹೆಂಡತಿಗೆ ಕಣ್ಣಲ್ಲಿ ನೀರು ಬಂತು. ಐದು ನಿಮಿಷದಲ್ಲಿ ಅದು ಆರಿಹೋಯಿತು.

"ಉಪ್ಪೆಷ್ಟು?"

"ರುಚಿಗೆ ತಕ್ಕಷ್ಟು, ಭಾವ."

"ಯಾರ ರುಚಿಗೆ?"

"ತಿನ್ನೋರ ರುಚಿಗೆ."

"ತಿನ್ನೋರು ನಾಲ್ಕು ಜನ ಇದ್ರೆ?"

"ಒಂದು ಅಂದಾಜಲ್ಲಿ ಹಾಕೋದು ಭಾವ!"

"ಸರಿ. ಎಷ್ಟು ಹೊತ್ತು ಬೇಯ್ಬೇಕು?"

"ಬೇಯೋವರೆಗೂ."

ಭಾವ ಪೆನ್ನಿನ ಮುಚ್ಚಳ ಹಾಕಿದರು. "ಇಂಥ ಸುತ್ತೋಲೆ ಇಟ್ಕೊಂಡು ಯಾವ ಶಾಖೇನೂ ನಡೆಯಲ್ಲಮ್ಮ" ಎಂದರು.

ಹಾಗೆಂದು ಬಿಡಲಿಲ್ಲ. ಮುಂದಿನ ಏಳು ತಿಂಗಳು ಅವರು ದಿನಾ ಹುರುಳಿಕಾಯಿ ಪಲ್ಯ ಮಾಡಿದರು. ಮೊದಲ ದಿನ ನಾರು ತೆಗೆಯಬೇಕೆಂಬುದೇ ಗೊತ್ತಿರಲಿಲ್ಲ. ನನಗೂ ಬಡಿಸಿದರು, ಇಬ್ಬರೂ ಸಂಜೆಯವರೆಗೆ ಅಗಿದೆವು. ಎರಡನೇ ದಿನ ಉದ್ದಿನಬೇಳೆ ಕಪ್ಪಾಗುವವರೆಗೆ ಕಾದರು, ಯಾಕೆಂದರೆ "ಕೆಂಪಗಾದ ಮೇಲೆ" ಎಂದು ಬರೆದುಕೊಂಡಿದ್ದರು, ಎಷ್ಟು ಹೊತ್ತಿನ ಮೇಲೆ ಎಂದು ಬರೆದುಕೊಂಡಿರಲಿಲ್ಲ. ಮೂರನೇ ದಿನ ನೀರು ಚಿಮುಕಿಸುವ ಬದಲು ಹೊಯ್ದರು. ಅದನ್ನು ಸಾರು ಎಂದು ಪರಿಗಣಿಸಿ ಅನ್ನಕ್ಕೆ ಕಲಸಿಕೊಂಡೆವು.

ಇನ್ನು ಮಾರುಕಟ್ಟೆ. ಎಳೆಯ ಹುರುಳಿಕಾಯಿ ಮುರಿದಾಗ ಟಪ್ ಎನ್ನಬೇಕು ಎಂದು ನನ್ನ ಹೆಂಡತಿ ಹೇಳಿದ್ದೇ ತಪ್ಪಾಯಿತು. ಭಾವ ರೈತು ಬಜಾರಿನಲ್ಲಿ ನಿಂತು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಮುರಿದು ಆಲಿಸತೊಡಗಿದರು. ತರಕಾರಿಯ ಹೆಂಗಸು ನೋಡುವಷ್ಟು ನೋಡಿದಳು.

"ಏಂಟಂಡೀ ಬಾಬೂ, ಬೀನ್ಸ್‌ತೋ ಫೋನ್ ಚೇಸ್ತುನ್ನಾರಾ?"

ಹುರುಳಿಕಾಯಿಯಲ್ಲಿ ಯಾರಿಗೆ ಫೋನು ಮಾಡುತ್ತಿದ್ದೀರಿ ಎಂದು ಪ್ರಶ್ನೆ. ಭಾವ ಇನ್ನೊಂದನ್ನು ಕಿವಿಗೆ ಹಿಡಿದರು. ಅವಳು ಪಕ್ಕದ ಅಂಗಡಿಯವಳಿಗೂ ಕೇಳುವಂತೆ, "ಪೆಳ್ಳಿ ಸಂಬಂಧಂ ಚೂಸ್ತುನ್ನಾರಾ, ಕೂರಗಾಯಲು ಕೊಂಟುನ್ನಾರಾ?" ಎಂದಳು. ಹೆಣ್ಣು ನೋಡಲು ಬಂದಿದ್ದಾರೋ, ತರಕಾರಿ ಕೊಳ್ಳಲೋ! ಮುರಿದದ್ದನ್ನೆಲ್ಲ ಅವಳು ಭಾವನ ಚೀಲಕ್ಕೇ ಸುರಿದಳು. ಬಲಿತದ್ದೂ ಸೇರಿತ್ತು. ಅದು ನ್ಯಾಯ ಎಂದು ಭಾವನೂ ಒಪ್ಪಿದರು.

ಐದನೇ ತಿಂಗಳಿಗೆ ಪಲ್ಯ ತಿನ್ನುವಂತಾಯಿತು. ಯಾರಾದರೂ ಹೊರಗಿನವರಿಂದ ಪರಿಶೀಲನೆಯಾಗಬೇಕೆಂದು ಒಂದು ಬಟ್ಟಲು ಪಲ್ಯವನ್ನು ಮನೆಯೊಡತಿಗೆ ಕಳಿಸಿದರು. ಆಕೆ ಒಳ್ಳೆಯ ಹೆಂಗಸು, ಎಪ್ಪತ್ತರ ಮೇಲಿನ ವಯಸ್ಸು. ಬಟ್ಟಲು ತೊಳೆದು ವಾಪಸು ತಂದುಕೊಟ್ಟು, "ಬಾಗುಂದಂಡೀ. ಕಾನೀ ಕಾರಂ ಎಕ್ಕಡ?" ಎಂದರು. ಚೆನ್ನಾಗಿದೆ, ಖಾರ ಎಲ್ಲಿ?

ಅಷ್ಟೇ. ಭಾವ ಅಂದು ಮಧ್ಯಾಹ್ನ ಊಟ ಮಾಡಲಿಲ್ಲ. ಆಟೋ ಹಿಡಿದು ನಮ್ಮ ಮನೆಗೆ ಬಂದರು. ಮುಖ ಬಾಡಿತ್ತು.

"ನನ್ನ ಪಲ್ಯಕ್ಕೆ ಲೋಪ ಹೇಳಿದ್ರು ಕಣಯ್ಯಾ."

"ಯಾರು ಭಾವ?"

"ಆಯಮ್ಮ. ಅಷ್ಟು ಕಷ್ಟಪಟ್ಟು ನಾರು ತೆಗೆದು, ಅಳತೆ ನೋಡಿ ಹೆಚ್ಚಿ ಮಾಡಿದೀನಿ. ಒಂದೇ ಮಾತಲ್ಲಿ ಹಾಗನ್ನಬಹುದಾ?"

"ಅನ್ನಬಾರದು ಭಾವ" ಎಂದೆ. ನನ್ನ ಹೆಂಡತಿ ತುರ್ತಾಗಿ ಅಡುಗೆಮನೆಗೆ ಹೋದಳು. ಅಲ್ಲಿಂದ ಕೆಲವು ನಿಮಿಷ ಪಾತ್ರೆಗಳ ಸದ್ದು ವಿಪರೀತವಾಗಿ ಕೇಳಿಸಿತು. ಭಾವ ಮಾತ್ರ ಗೋಡೆ ನೋಡುತ್ತ ಬಹಳ ಹೊತ್ತು ಕುಳಿತಿದ್ದರು. ಯಾವ ಗೋಡೆಯನ್ನೂ ಅಷ್ಟು ಹೊತ್ತು ನೋಡಿ ಏನೂ ಹೇಳದೆ ಅವರು ಬಿಟ್ಟದ್ದಿಲ್ಲ.

ಕೊನೆಗೆ ಮೇ ತಿಂಗಳಲ್ಲಿ ಪಲ್ಯ ಸಿದ್ಧವಾಗಿದೆ ಎಂದು ಅವರಿಗೇ ಅನಿಸಿತು. ಎರಡನೇ ಶನಿವಾರದ ರಜೆ. ಬೆಳಗಿನ ರೈಲಿಗೆ ವಿಶಾಖಪಟ್ಟಣಕ್ಕೆ ಹೋಗಿ, ಮಧ್ಯಾಹ್ನದ ಊಟಕ್ಕೆ ಅಕ್ಕನ ಎಲೆಗೆ ಬಡಿಸುವುದೆಂದು ತೀರ್ಮಾನ. ಅಲ್ಲೇ ಹೋಗಿ ಮಾಡಬಾರದೇ ಎಂದೆ. "ಅವಳ ಅಡುಗೆಮನೇಲಿ ಮಾಡಿದ್ರೆ ಅವಳು ಸಹಾಯ ಮಾಡ್ಬಿಡ್ತಾಳೆ. ಆಗ ಅದು ನನ್ನದು ಅಂತ ಆಗಲ್ಲ" ಎಂದರು. ನನ್ನ ಹೆಂಡತಿ ಆಗಲೇ ಅಕ್ಕನ ಮನೆಗೆ ಹೋಗಿದ್ದಳು. ನಾನು ಜೊತೆಗೆ ಹೊರಟೆ.

ನಾನು ಕೋಣೆಗೆ ಹೋದಾಗ ಭಾವ ಬಾಣಲೆಯ ಮೇಲೆ ತೆಂಗಿನತುರಿ ಉದುರಿಸುತ್ತಿದ್ದರು. ಬಾಗಿಲಲ್ಲಿ ಮನೆಯೊಡತಿ ಕೈಯಲ್ಲಾಡಿಸುತ್ತಿದ್ದರು. "ಕೊಬ್ಬರಿ ವದ್ದಂಡೀ! ಈ ಎಂಡಲೋ ಮಧ್ಯಾಹ್ನಾನಿಕಲ್ಲಾ ಪಾಡೈಪೋತುಂದಿ!" ತೆಂಗಿನಕಾಯಿ ಬೇಡ, ಈ ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೆ ಕೆಟ್ಟುಹೋಗುತ್ತದೆ ಎಂದು ತಾತ್ಪರ್ಯ.

"ಕೊಬ್ಬರಿ ಲೇಕಪೋತೇ ಅದಿ ಪಲ್ಯ ಕಾದಂಡೀ, ವೇಪುಡು" ಎಂದರು ಭಾವ. ತೆಂಗಿನಕಾಯಿ ಇಲ್ಲದಿದ್ದರೆ ಅದು ಪಲ್ಯವಲ್ಲ, ನಿಮ್ಮ ಹುರಿದ ಪದಾರ್ಥ.

"ವೇಪುಡಯಿತೇ ತಪ್ಪೇಂಟಂಡೀ?" ಆದರೆ ತಪ್ಪೇನು? ಈ ಪ್ರಶ್ನೆಗೆ ಕರ್ನಾಟಕದ ಯಾರ ಬಳಿಯೂ ಉತ್ತರವಿಲ್ಲ. ಭಾವ ಸ್ಟೀಲ್ ಡಬ್ಬಿಯ ಮುಚ್ಚಳ ಬಿಗಿಯಾಗಿ ಒತ್ತಿದರು.

ರೈಲು ಎರಡು ಗಂಟೆ ತಡ. ಭಾವ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎಂಟು ಗಂಟೆ ಕುಳಿತರು. ಕಿಟಕಿಯಿಂದ ಬಿಸಿಗಾಳಿ ಬೀಸುತ್ತಿತ್ತು. ಅಷ್ಟು ದೂರದ ದಾರಿಯಲ್ಲಿ ರೈಲಿನ ಬಗ್ಗೆಯಾಗಲಿ, ಚಹಾದ ಬಗ್ಗೆಯಾಗಲಿ, ನನ್ನ ಶರ್ಟಿನ ಗುಂಡಿಯ ಬಗ್ಗೆಯಾಗಲಿ ಒಂದು ಮಾತೂ ಬರಲಿಲ್ಲ. ಒಂದು ಸಲ ಮಾತ್ರ, "ಅವಳು ಏನಂತಾಳೆ ಅಂತೀಯಾ?" ಎಂದು ಕೇಳಿದರು.

ದ್ವಾರಕಾ ನಗರದ ಹಿಂದಿನ ಬೀದಿಯ ಅವರ ಮನೆ ಮುಟ್ಟಿದಾಗ ಮಧ್ಯಾಹ್ನ ಮೂರೂವರೆ. ಅಕ್ಕನೂ ನನ್ನ ಹೆಂಡತಿಯೂ ಊಟ ಮಾಡದೆ ಕಾದಿದ್ದರು. ಭಾವ ಡಬ್ಬಿಯನ್ನು ಮೇಜಿನ ಮೇಲಿಟ್ಟರು.

"ಏನ್ರೀ ಇದು?"

"ಹುರುಳಿಕಾಯಿ ಪಲ್ಯ. ನಾನು ಮಾಡಿದ್ದು."

ಒಂಬತ್ತು ವರ್ಷದಲ್ಲಿ ಆ ಮನೆಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು. ಭಾವ ಮುಚ್ಚಳ ತೆಗೆದರು. ಹೇಳುವುದೇನು? ವಾಸನೆ ನಮಗಿಂತ ಮೊದಲು ಬಾಗಿಲ ತನಕ ಹೋಯಿತು. ಭಾವ ಬಗ್ಗಿ ಮೂಸಿದರು. ಮುಚ್ಚಳ ಹಾಕಿದರು.

"ಹಳಸಿದೆ" ಎಂದರು. "ತೆಂಗಿನಕಾಯಿ ಹಾಕ್ಬೇಡಿ ಅಂತ ಆಯಮ್ಮ ಹೇಳಿದ್ರು. ನಾನು ಕೇಳಲಿಲ್ಲ. ಪೂರ್ತಿ ನನ್ನದೇ ತಪ್ಪು." ಡಬ್ಬಿ ಎತ್ತಿಕೊಂಡು ಹಿತ್ತಲ ಕಡೆ ಹೊರಟರು. ಏಳು ತಿಂಗಳು ಅವರ ಬೆನ್ನನ್ನು ನಾನು ಒಲೆಯ ಮುಂದೆ ನೋಡಿದ್ದೆ. ಅದು ಅಷ್ಟು ಬಾಗಿರಲಿಲ್ಲ.

"ಇರಿ. ತನ್ನಿ ಇಲ್ಲಿ" ಎಂದರು ಅಕ್ಕ.

ಡಬ್ಬಿ ತೆಗೆದುಕೊಂಡು, ಮುಚ್ಚಳ ಬಿಚ್ಚಿ, ಒಂದು ಹೋಳನ್ನು ಎತ್ತಿ ಎರಡು ಬೆರಳ ನಡುವೆ ಒತ್ತಿ ನೋಡಿದರು. ಇನ್ನೊಂದನ್ನು ಒತ್ತಿದರು.

"ಹದವಾಗಿ ಬೆಂದಿದೆ" ಎಂದರು. "ನಾರು ಒಂದೂ ಇಲ್ಲ. ಎಷ್ಟು ಸಣ್ಣಗೆ ಹೆಚ್ಚಿದೀರಿ!"

ಭಾವ ನೆಲ ನೋಡುತ್ತಿದ್ದರು. ಎಂಥೆಂಥ ಶಾಖಾಧಿಕಾರಿಗಳು ಈ ಮನುಷ್ಯನ ಮುಂದೆ ಹಾಗೆ ನಿಂತಿದ್ದಾರೋ.

"ನಿಂದೂ ಹಾಗೇ ಇರ್ತಿತ್ತು" ಎಂದರು.

"ಏನು?"

"ನಿನ್ನ ಪಲ್ಯ. ಯಾವತ್ತೂ ಹದವಾಗೇ ಇರ್ತಿತ್ತು. ಆವತ್ತೂ."

"ಮತ್ತೆ ಆವತ್ತು ಅಷ್ಟು ಜನರ ಮುಂದೆ ಮೂರು ಲೋಪ ಅಂದ್ರಿ?"

ಭಾವ ಡಬ್ಬಿಯ ಮುಚ್ಚಳವನ್ನು ಕೈಗೆತ್ತಿಕೊಂಡರು. "ಎಲ್ಲರೂ ಹೊಗಳ್ತಾ ಇದ್ರು ಕಣೆ. ನನಗೂ ಏನಾದ್ರೂ ಹೇಳ್ಬೇಕು ಅನ್ನಿಸ್ತು. ನನಗೆ ಬರೋದು ಅದೊಂದೇ."

ಅಕ್ಕ ಅವರ ಎಡಗೈಯನ್ನು ನೋಡಿದರು. ತೋರುಬೆರಳಿನ ತುಂಬ ಚಾಕು ತಗುಲಿದ ಗೀರುಗಳಿದ್ದವು; ಹಳೆಯವು, ಹೊಸವು. ನಾನು ಏಳು ತಿಂಗಳು ಜೊತೆಗಿದ್ದೂ ಅದನ್ನು ಗಮನಿಸಿರಲಿಲ್ಲ.

"ಕೈಕಾಲು ತೊಳ್ಕೊಳ್ಳಿ. ಸಾರು ಆರ್ತಾ ಇದೆ" ಎಂದರು ಅಕ್ಕ.

ಮರುದಿನ ಬೆಳಗ್ಗೆ ಅಕ್ಕ ಅರ್ಧ ಕೆಜಿ ಹುರುಳಿಕಾಯಿ ತರಿಸಿದರು. ಭಾವ ನಾರು ತೆಗೆದುಕೊಟ್ಟರು, ಅಕ್ಕ ಪಲ್ಯ ಮಾಡಿದರು. ಭಾವ ಮೂರು ಸಲ ಬಡಿಸಿಕೊಂಡರು. ನಮಗೆ ಉಳಿದದ್ದು ತಲಾ ಒಂದು ಚಮಚ.