ಶಾಲಿನೊಳಗಿನ ಕೋಟು

ಊರಿಗೆಲ್ಲ ಕೋಟು ಹೊಲಿಯುವ ಟೈಲರಿಗೆ ತನ್ನದೆನ್ನುವ ಒಂದು ಕೋಟಿರಲಿಲ್ಲ. ಆಸೆಪಟ್ಟು ತಂದ ಬೂದು ಬಟ್ಟೆ ಮೂರು ಚಳಿಗಾಲ ಕತ್ತರಿಸಿದ ತುಂಡುಗಳಾಗಿಯೇ ಬಿದ್ದಿತ್ತು. ಕಳೆದ ವಾರ ಹೆಡ್‌ಮೇಷ್ಟ್ರು ಬಂದು, "ಬಟ್ಟೆ ನೀನೇ ಆರಿಸಪ್ಪಾ, ನನಗೇನೂ ತಿಳಿಯಲ್ಲ" ಎಂದು ಅಳತೆ ಕೊಟ್ಟು ಹೋದರು. ನೋಡಿದರೆ ಅಳತೆ ಇವನದೇ! ಆ ತುಂಡುಗಳನ್ನೇ ಜೋಡಿಸಿ ಮೇಷ್ಟ್ರ ಕೋಟು ಹೊಲಿದುಬಿಟ್ಟ.

ನಾಳೆ ಬೆಳಿಗ್ಗೆ ಎಂಟಕ್ಕೆ ಅವರು ಒಯ್ಯಬೇಕು, ಶಾಲೆಯ ವಾರ್ಷಿಕೋತ್ಸವ. ಮೆಚ್ಚಿದರೆ ಇಡೀ ಶಾಲೆಯ ಸಮವಸ್ತ್ರದ ಕೆಲಸ ಇವನದು. ಮುನಿದರೆ ಎದುರು ಅಂಗಡಿಯವನದು.

ಇವತ್ತು ಸಂಜೆಯೋ ಹಲ್ಲು ಕಟಕಟ ಎನ್ನುವ ಚಳಿ. ಗೆಳೆಯರು ಹೋಟೆಲಿಗೆ ಊಟಕ್ಕೆ ಕರೆದಿದ್ದರು. ಕೋಟು ಹ್ಯಾಂಗರಿನಲ್ಲಿ ಸುಮ್ಮನೆ ತೂಗುತ್ತಿತ್ತು. ಎರಡು ಗಂಟೆ ಹಾಕಿಕೊಂಡರೆ ಸವೆದುಹೋಗುತ್ತದೆಯೇ? ತೊಟ್ಟೇಬಿಟ್ಟ. ಯಾರ ಕಣ್ಣಿಗೂ ಬೀಳದಿರಲೆಂದು ಮೇಲೆ ಹೆಂಡತಿಯ ಶಾಲು ಸುತ್ತಿದ.

ಗೆಳೆಯರಾದ ಕ್ಷೌರಿಕ, ಪೋಸ್ಟ್‌ಮ್ಯಾನ್ ಇಬ್ಬರೂ ಒಲೆಯ ಪಕ್ಕದ ಮೇಜನ್ನೇ ಹಿಡಿದಿದ್ದರು. ಸೂಪು ಬರುವಷ್ಟರಲ್ಲಿ ಟೈಲರ್ ಬೆವರಿನಲ್ಲಿ ತೊಯ್ದುಹೋದ.

"ಶಾಲು ತೆಗಿಯಯ್ಯಾ, ಬೆಂದು ಹೋಗ್ತೀಯ!" ಎಂದ ಪೋಸ್ಟ್‌ಮ್ಯಾನ್.

"ಜ್ವರ ಕಣಯ್ಯಾ."

ಕ್ಷೌರಿಕ ಹಣೆ ಮುಟ್ಟಿ ನೋಡಿದ. "ದಿನಕ್ಕೆ ಇಪ್ಪತ್ತು ಹಣೆ ಮುಟ್ಟೋನು ನಾನು. ಇದು ಜ್ವರದ ಹಣೆ ಅಲ್ಲ. ಒಳಗೇನಿದೆ ಹೇಳು."

"ಏನೂ ಇಲ್ಲಪ್ಪಾ."

"ಅಂದ್ರೆ ಏನೋ ಇದೆ!"

ಪಕ್ಕದ ಮೇಜಿನ ಅಜ್ಜಿ ಕುರ್ಚಿಯನ್ನೇ ಇತ್ತ ತಿರುಗಿಸಿಕೊಂಡರು. "ಕುರು ಎದ್ದಿರಬೇಕು, ಪಾಪ."

"ಹೆಂಡತಿ ಬಾರಿಸಿರಬೇಕು" ಎಂದ ಪೋಸ್ಟ್‌ಮ್ಯಾನ್. ಅಡುಗೆಭಟ್ಟನೂ ಸೌಟು ಹಿಡಿದುಕೊಂಡೇ ಬಂದು ನಿಂತ. ಇಷ್ಟು ಜನರ ಕುತೂಹಲವನ್ನು ಒಂದು ಶಾಲು ಎಷ್ಟು ಹೊತ್ತು ತಡೆದೀತು? ಟೈಲರ್ ಚಮಚಕ್ಕೆ ಕೈ ಹಾಕಿದ್ದೇ ತಡ, ಕ್ಷೌರಿಕ ಶಾಲಿನ ತುದಿ ಹಿಡಿದು ಎಳೆದ.

"ಅಬ್ಬಾ, ಏನು ಕೋಟು!"

ಅದೇ ಹೊತ್ತಿಗೆ ಬಾಗಿಲು ತೆರೆಯಿತು. ಹಳೇ ಸ್ವೆಟರಿನಲ್ಲಿ ಗಡಗಡ ನಡುಗುತ್ತ ಹೆಡ್‌ಮೇಷ್ಟ್ರು ನೇರ ಒಲೆಯ ಹತ್ತಿರ ಬಂದರು. ಟೈಲರ್ ಕ್ಷೌರಿಕನ ಕೈಯಲ್ಲಿದ್ದ ಶಾಲಿಗೆ ಕೈ ಚಾಚಿದ.

"ಭಲೇ! ಯಾರದಯ್ಯಾ ಈ ಕೋಟು?" ಎಂದರು ಮೇಷ್ಟ್ರು.

ಟೈಲರ್ ಬಾಯಿ ತೆರೆಯುವ ಮುಂಚೆ ಕ್ಷೌರಿಕ ಹೆಮ್ಮೆಯಿಂದ ಹೇಳಿದ: "ಇವನದೇ ಸಾರ್! ನಾಚ್ಕೊಂಡು ಇಷ್ಟೊತ್ತು ಮುಚ್ಚಿಟ್ಟಿದ್ದ."

"ಹೌದೇನು? ಬಿಚ್ಚು, ನೋಡೋಣ." ಮೇಷ್ಟ್ರು ತೊಟ್ಟರು. ತೋಳು ಚಾಚಿದರು, ಗುಂಡಿ ಹಾಕಿದರು. "ನನಗೇ ಹೊಲಿದ ಹಾಗಿದೆಯಲ್ಲ!"

ಸದ್ಯ, ಗೊತ್ತಾಗಲಿಲ್ಲ! ಎಂದುಕೊಂಡ ಟೈಲರ್. ಆದರೆ ಮೇಷ್ಟ್ರು ಕೋಟು ಬಿಚ್ಚಲಿಲ್ಲ.

"ಹೊರಗೆ ಭಾರಿ ಚಳಿ ಕಣಯ್ಯಾ. ಇವತ್ತೊಂದು ದಿನ ಇದು ನನ್ನ ಹತ್ರ ಇರಲಿ. ನಾಳೆ ಎಂಟಕ್ಕೆ ನನ್ನ ಕೋಟು ತಗೊಳ್ಳೋಕೆ ಬರ್ತೀನಲ್ಲ, ಆಗ ನಿಂದು ವಾಪಸ್ ಕೊಡ್ತೀನಿ. ನಂದೂ ಥೇಟ್ ಹೀಗೇ ಇದೆ ತಾನೇ?"

"ಥೇಟ್... ಹೀಗೇ ಸಾರ್."

"ಬೇರೆ ಥರ ಇದ್ರೆ ಒಪ್ಪೋನಲ್ಲ ನಾನು!" ಎಂದು ನಗುತ್ತ ಮೇಷ್ಟ್ರು ಹೊರಟರು. ಆ ಬಟ್ಟೆ ಮಾರಿದ ಅಂಗಡಿ ಮುಚ್ಚಿ ಎರಡು ವರ್ಷವಾಗಿತ್ತು.

ಒಲೆ ಧಗಧಗ ಉರಿಯುತ್ತಿತ್ತು. ಆದರೂ ಟೈಲರ್ ಶಾಲನ್ನು ಮತ್ತೆ ಹೊದ್ದುಕೊಂಡ. ಕ್ಷೌರಿಕ ಗಾಬರಿಯಿಂದ ಅವನ ಹಣೆ ಮುಟ್ಟಿದ.

"ಅಯ್ಯೋ, ಈಗ ನಿಜವಾಗ್ಲೂ ಜ್ವರ ಬಂದಿದೆ ಕಣಯ್ಯಾ!"